ಆದ್ಯ ಗಾಥಿಕ್ ಕಾದಂಬರಿಗಳಲ್ಲಿ ಹಕ್ಕು ಮತ್ತು ಪ್ರಮಾಣ

೧

ಕ್ರಿ.ಶ. ೧೭೬೪ನೆಯ ಡಿಸೆಂಬರ್ ತಿಂಗಳ ಕೊನೆಯ ಭಾಗದಲ್ಲಿ ಲಂಡನ್ನಿನಲ್ಲಿ ಒಂದು ಸಣ್ಣ ಕಥಾಗ್ರಂಥ ಪ್ರಕಟವಾಯಿತು. ಅದರ ಹೆಸರು ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’. ಅಚ್ಚಾದ ಪ್ರತಿಗಳು ಐದುನೂರು. ಮುನ್ನುಡಿಯ ಪ್ರಕಾರ ಗ್ರಂಥದ ಮೂಲ ಇಟಾಲಿಯನ್ ಭಾಷೆಯದು. ೧೫೨೯ರಲ್ಲಿ ನೇಪಲ್ಸ್ ನಗರದಲ್ಲಿ ಹಳೆಯ ಕಪ್ಪಕ್ಷರದ ಅಚ್ಚಿನಲ್ಲಿ ಮುದ್ರಿತವಾದದ್ದು. ಉತ್ತರ ಇಂಗ್ಲೆಂಡಿನ ಪ್ರಾಚೀನ ಕ್ಯಾಥೊಲಿಕ್ ಮನೆತನವೊಂದರ ಗ್ರಂಥಭಂಡಾರದಲ್ಲಿ ದೊರೆತದ್ದು. ಮೂಲ ಲೇಖಕ ಓನುಫ್ರಿಯೊ ಮುರಾಲ್ಟೊ ಎಂಬ ಪಾದ್ರಿ, ಅನುವಾದಕ ವಿಲಿಯಂ ಮಾರ್ಷಲ್. ಇವುಗಳಲ್ಲಿ ಯಾವುದೂ ನಿಜವಲ್ಲ. ಗ್ರಂಥವನ್ನು ಬರೆದವನು ಪಾರ್ಲಿಮೆಂಟಿನ ಸದಸ್ಯನೂ, ಹಿಂದೆ ಪ್ರಧಾನಿಯಾಗಿದ್ದ ಸರ್ ರಾಬರ್ಟ್ ವಾಲ್‌ಪೋಲನ ಮಗನೂ ಆದ ಹೊರೇಸ್ ವಾಲ್‌ಪೋಲ್. ಪ್ರತಿಗಳು ಬೇಗನೆ ಮುಗಿದುವು. ೧೭೬೫ರ ಎರಡನೆಯ ಮುದ್ರಣದಲ್ಲಿ ಅವನು ಕರ್ತೃತ್ವವನ್ನು ಒಪ್ಪಿಕೊಂಡು, ‘ಒಂದು ಗಾಥಿಕ್ ಕಥೆ’ ಎಂಬ ಅರ್ಥದ ಉಪಶೀರ್ಷಿಕೆಯನ್ನು ಸೇರಿಸಿದನು. ಪ್ರಾಚೀನ ಕೃತಿಯೆಂದು ನಂಬಿ ಮೊದಲು ಮೆಚ್ಚಿದ್ದ ‘ಮಂತ್ಲಿ ರೆವ್ಯೂ’ ಪತ್ರಿಕೆ, ಸಮಕಾಲೀನನ ರಚನೆಯೆಂದು ತಿಳಿದೊಡನೆ ಆ ಮೆಚ್ಚುಗೆಯನ್ನು ಹಿಂತೆಗೆದುಕೊಂಡಿತು.

ಸಾಹಿತ್ಯಚರಿತ್ರೆಗಳು ಗಾಥಿಕ್ ಕಥಾಪರಂಪರೆಯನ್ನು ಸಾಮಾನ್ಯವಾಗಿ ಈ ಕೃತಿಯಿಂದಲೇ ಆರಂಭಿಸುತ್ತವೆ. ಪರಂಪರೆಯ ಸಂಪ್ರದಾಯಗಳ ಪಟ್ಟಿಯನ್ನೂ ಕೊಡುತ್ತವೆ. ಪಾಳುಬಿದ್ದ ಕೋಟೆ ಅಥವಾ ಮಠ, ನೆಲಮಾಳಿಗೆ, ಗುಪ್ತದ್ವಾರ, ಕ್ರೂರಿಯಾದ ಒಡೆಯ, ಅವನಿಂದ ಪೀಡಿತಳಾದ ಕನ್ಯೆ, ಕಪಟಿಯಾದ ಸನ್ಯಾಸಿ, ಪ್ರೇತ, ಭವಿಷ್ಯವಾಣಿ, ಅರ್ಧ ಅಳಿಸಿಹೋದ ಹಸ್ತಪ್ರತಿ—ಇವೆಲ್ಲವೂ ಆ ಪಟ್ಟಿಯಲ್ಲಿವೆ. ಪಟ್ಟಿ ಸರಿಯಾದದ್ದೇ, ಆದರೆ ಈ ವಸ್ತುಗಳೆಲ್ಲ ಒಂದೆಡೆ ಸೇರಲು ಕಾರಣವೇನೆಂಬುದನ್ನು ಅದು ತಿಳಿಸದು. ಇತಿಹಾಸದ ವಿದ್ಯಾರ್ಥಿಗಳಾದ ನಾವು ಕೇಳಬೇಕಾದ ಪ್ರಶ್ನೆ ಇದೇ.

ಭಯ ಈ ಕಥೆಗಳ ರಸ. ಹಕ್ಕು ಅವುಗಳ ವಸ್ತು. ಕೋಟೆ ಯಾರಿಗೆ ಸೇರತಕ್ಕದ್ದು, ಅಲ್ಲಿ ಈಗ ವಾಸಿಸುವವನಿಗೆ ಅದು ಹೇಗೆ ಬಂತು, ನಿಜವಾದ ಒಡೆಯ ಯಾರೆಂಬುದಕ್ಕೆ ಪ್ರಮಾಣವೇನು—ಈ ಮೂರು ಪ್ರಶ್ನೆಗಳ ಸುತ್ತ ಆದ್ಯ ಗಾಥಿಕ್ ಕಾದಂಬರಿ ಕಟ್ಟಲ್ಪಟ್ಟಿದೆಯೆಂಬುದೂ, ಒಂದು ತಲೆಮಾರಿನ ಅವಧಿಯಲ್ಲಿ ಪ್ರಮಾಣದ ಸ್ವರೂಪ ಬದಲಾದುದೇ ಈ ಪರಂಪರೆಯ ನಿಜವಾದ ಬೆಳವಣಿಗೆಯೆಂಬುದೂ ಪ್ರಕೃತ ಲೇಖನದ ಪ್ರತಿಪಾದನೆ.

ವಿವೇಚನೆಯ ಅನುಕೂಲಕ್ಕಾಗಿ ನಮ್ಮ ವ್ಯವಹಾರಶಾಸ್ತ್ರದ ಕೆಲವು ಪದಗಳನ್ನು ಎರವಲು ಪಡೆಯುತ್ತೇವೆ. ಯಾಜ್ಞವಲ್ಕ್ಯಸ್ಮೃತಿಯು ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು ಪ್ರಮಾಣಗಳನ್ನು ಹೇಳಿ, ಅವು ಇಲ್ಲದಿದ್ದಲ್ಲಿ ದಿವ್ಯವನ್ನು ವಿಧಿಸುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರದಲ್ಲಿ ಇವುಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಲಿಖಿತವೆಂದರೆ ಬರೆದ ಪತ್ರ, ಭುಕ್ತಿಯೆಂದರೆ ಅನುಭೋಗ, ದಿವ್ಯವೆಂದರೆ ದೈವಸಾಕ್ಷಿಯ ಪರೀಕ್ಷೆ. ಆಂಗ್ಲ ಕಾದಂಬರಿಕಾರರಿಗೂ ಈ ಶಾಸ್ತ್ರಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ವಿಷಯವನ್ನು ಸ್ಪಷ್ಟವಾಗಿ ಹೇಳಲು ಒದಗುವ ಪದಗಳೆಂಬ ಕಾರಣಕ್ಕಷ್ಟೇ ಇವುಗಳನ್ನು ಬಳಸುತ್ತೇವೆ.

೨

‘ಗಾಥಿಕ್’ ಎಂಬ ವಿಶೇಷಣಕ್ಕೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಎರಡು ಅರ್ಥಗಳಿದ್ದುವು. ಗಾಥರು ಕ್ರಿ.ಶ. ೪೧೦ರಲ್ಲಿ ರೋಮ್ ನಗರವನ್ನು ಸೂರೆಮಾಡಿದ ಜನ. ನವೋದಯ ಕಾಲದ ಇಟಲಿಯ ವಿದ್ವಾಂಸರು ಮಧ್ಯಯುಗದ ಚೂಪುಕಮಾನಿನ ವಾಸ್ತುಶೈಲಿಯನ್ನು ಹೀನಾಯವಾಗಿ ಕಾಣುತ್ತ, ಅದಕ್ಕೆ ಈ ಜನರ ಹೆಸರನ್ನು ಅಂಟಿಸಿದರು. ಆದುದರಿಂದ ಗಾಥಿಕ್ ಎಂದರೆ ಒರಟು, ಅನಾಗರಿಕ ಎಂಬ ಅರ್ಥ ಬಂತು. ಮತ್ತೊಂದೆಡೆ, ಇಂಗ್ಲೆಂಡಿನ ರಾಜಕೀಯ ಲೇಖಕರು ತಮ್ಮ ಪಾರ್ಲಿಮೆಂಟಿನ ಬೇರುಗಳನ್ನು ಪ್ರಾಚೀನ ಜರ್ಮಾನಿಕ್ ಜನಾಂಗಗಳ ಸಭೆಗಳಲ್ಲಿ ಕಂಡು, ‘ಗಾಥಿಕ್ ಸಂವಿಧಾನ’ವೆಂದರೆ ಪೂರ್ವಿಕರಿಂದ ಬಂದ ಸ್ವಾತಂತ್ರ್ಯವೆಂದು ಹೆಮ್ಮೆಪಟ್ಟರು. ಒಂದೇ ಪದದಲ್ಲಿ ಹಳೆಯ ಕ್ರೌರ್ಯವೂ ಹಳೆಯ ಹಕ್ಕೂ ಕೂಡಿದ್ದುವು.

ಪ್ರಸಿದ್ಧ ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲ್ಯಾಕ್‌ಸ್ಟನ್ ತನ್ನ ‘ಕಾಮೆಂಟರೀಸ್’ ಗ್ರಂಥದ ಮೂರನೆಯ ಸಂಪುಟದಲ್ಲಿ, ೧೭೬೮ರಲ್ಲಿ, ಇಂಗ್ಲೆಂಡಿನ ಕಾನೂನನ್ನು ಹಳೆಯ ಗಾಥಿಕ್ ಕೋಟೆಗೆ ಹೋಲಿಸಿದನು. ವೀರಯೋಧರ ಯುಗದಲ್ಲಿ ಕಟ್ಟಿದ ಆ ಕೋಟೆಯನ್ನು ಈಗಿನ ನಿವಾಸಿಗಾಗಿ ಅಣಿಗೊಳಿಸಲಾಗಿದೆ. ಕಂದಕ, ಗೋಪುರಗಳು ಭವ್ಯವಾದರೂ ನಿರುಪಯುಕ್ತ. ವಾಸದ ಕೊಠಡಿಗಳು ಅನುಕೂಲವಾದರೂ ಅವುಗಳಿಗೆ ಹೋಗುವ ದಾರಿ ಸುತ್ತುಬಳಸು ಎಂಬುದು ಅವನ ಮಾತಿನ ತಾತ್ಪರ್ಯ. ಕಾದಂಬರಿಕಾರನ ಕೋಟೆಗೂ ನ್ಯಾಯಶಾಸ್ತ್ರಜ್ಞನ ಕೋಟೆಗೂ ನಾಲ್ಕೇ ವರ್ಷಗಳ ಅಂತರ. ಆ ಕಾಲದ ವಿದ್ಯಾವಂತನಿಗೆ ಕೋಟೆಯೆಂದರೆ ಕಾನೂನಿನ ನೆನಪೂ ಬರುತ್ತಿತ್ತೆಂಬುದನ್ನು ಈ ಹೋಲಿಕೆ ತೋರಿಸುತ್ತದೆ.

ಆ ಕಾಲದಲ್ಲಿ ಹಕ್ಕಿನ ಪ್ರಶ್ನೆ ಸೂಕ್ಷ್ಮವಾಗಿದ್ದುದಕ್ಕೆ ಎರಡು ಕಾರಣಗಳನ್ನು ಇಲ್ಲಿ ಹೇಳಬಹುದು. ಎಂಟನೆಯ ಹೆನ್ರಿ ೧೫೩೬ರಿಂದ ೧೫೪೦ರವರೆಗೆ ಸುಮಾರು ಎಂಟುನೂರು ಮಠಗಳನ್ನು ಮುಚ್ಚಿಸಿ ಅವುಗಳ ಭೂಮಿಯನ್ನು ವಶಪಡಿಸಿಕೊಂಡನು. ಅದರ ಬಹುಭಾಗ ಶ್ರೀಮಂತ ಮನೆತನಗಳಿಗೆ ಸೇರಿತು. ಬೆಡ್‌ಫರ್ಡ್ ಡ್ಯೂಕರ ವೋಬರ್ನ್ ಆಬಿ, ಬೈರನ್ ಮನೆತನದ ನ್ಯೂಸ್ಟೆಡ್ ಆಬಿ ಮೊದಲಾದ ಗೃಹಗಳು ಹೆಸರಿನಲ್ಲಿಯೇ ಮಠದ ಗುರುತನ್ನು ಉಳಿಸಿಕೊಂಡವು. ಇಂಥ ಭೂಮಿಯನ್ನು ಅನುಭವಿಸಿದ ಮನೆತನಗಳಿಗೆ ಶಾಪ ತಟ್ಟುವುದೆಂಬ ನಂಬಿಕೆಯೂ ಇತ್ತು. ಸರ್ ಹೆನ್ರಿ ಸ್ಪೆಲ್‌ಮನ್ ಇದನ್ನೇ ಪ್ರತಿಪಾದಿಸಿ ಬರೆದ ಗ್ರಂಥ ಅವನ ಮರಣಾನಂತರ ೧೬೯೮ರಲ್ಲಿ ಅಚ್ಚಾಯಿತು. ಎರಡನೆಯದಾಗಿ, ಸಿಂಹಾಸನದ ಹಕ್ಕೇ ವಿವಾದಾಸ್ಪದವಾಗಿತ್ತು. ೧೬೮೮ರಲ್ಲಿ ಎರಡನೆಯ ಜೇಮ್ಸ್ ದೇಶ ಬಿಟ್ಟನು. ೧೭೦೧ರ ಶಾಸನದ ಬಲದಿಂದ ಹ್ಯಾನೊವರ್ ವಂಶ ಪಟ್ಟಕ್ಕೆ ಬಂತು. ಜೇಮ್ಸನ ವಂಶಸ್ಥರ ಪರವಾದ ಕೊನೆಯ ದಂಗೆ ೧೭೪೬ರ ಏಪ್ರಿಲ್‌ನಲ್ಲಿ ಕಲಾಡನ್ ಯುದ್ಧದಲ್ಲಿ ಅಡಗಿತು. ಒಟ್ರಾಂಟೊ ಕಥೆ ಈ ಘಟನೆಗಳ ರೂಪಕವೆಂದು ನಾವು ಹೇಳುವುದಿಲ್ಲ. ಭುಕ್ತಿ ಒಬ್ಬನದು, ಹಕ್ಕು ಮತ್ತೊಬ್ಬನದು ಎಂಬ ಸನ್ನಿವೇಶ ಅಂದಿನ ಓದುಗರಿಗೆ ದೂರದ ಕಲ್ಪನೆಯಾಗಿರಲಿಲ್ಲವೆಂಬುದಷ್ಟೇ ನಮ್ಮ ಅಭಿಪ್ರಾಯ.

೩

ಈಗ ಒಟ್ರಾಂಟೊ ಕಥೆಯನ್ನು ನೋಡೋಣ. ಒಡೆಯ ಮ್ಯಾನ್‌ಫ್ರೆಡನ ಏಕೈಕ ಪುತ್ರ ಕಾನ್ರಾಡನ ಮೇಲೆ ವಿವಾಹದ ದಿನವೇ ದೈತ್ಯಾಕಾರದ ಶಿರಸ್ತ್ರಾಣವೊಂದು ಬಿದ್ದು ಅವನು ಸಾಯುತ್ತಾನೆ. ವಂಶ ನಿಲ್ಲುವುದೆಂಬ ಭೀತಿಯಿಂದ ಮ್ಯಾನ್‌ಫ್ರೆಡ್ ಪತ್ನಿ ಹಿಪ್ಪೊಲಿಟಳನ್ನು ತ್ಯಜಿಸಿ, ಸೊಸೆಯಾಗಬೇಕಿದ್ದ ಇಸಬೆಲ್ಲಳನ್ನು ತಾನೇ ವರಿಸಲು ಹವಣಿಸುತ್ತಾನೆ. ಆಕೆ ಸುರಂಗದ ಮೂಲಕ ಓಡಿಹೋಗುತ್ತಾಳೆ. ಕೊನೆಗೆ ಮ್ಯಾನ್‌ಫ್ರೆಡ್ ಇಸಬೆಲ್ಲಳೆಂದು ಭ್ರಮಿಸಿ ಸ್ವಂತ ಮಗಳು ಮಟಿಲ್ಡಳನ್ನು ಇರಿದು ಕೊಲ್ಲುತ್ತಾನೆ. ಕೋಟೆಯ ಗೋಡೆಗಳು ಉರುಳುತ್ತವೆ. ರೈತಯುವಕನೆಂದು ಎಲ್ಲರೂ ತಿಳಿದಿದ್ದ ಥಿಯೊಡೋರನೇ ನಿಜವಾದ ವಾರಸುದಾರನೆಂದು ಪ್ರಕಟವಾಗುತ್ತದೆ.

ಈ ಅದ್ಭುತಗಳ ತಳದಲ್ಲಿರುವ ಮೂಲ ಅಪರಾಧ ಬಹಳ ಲೌಕಿಕವಾದದ್ದು. ಮ್ಯಾನ್‌ಫ್ರೆಡನ ಅಜ್ಜ ರಿಕಾರ್ಡೊ, ಒಟ್ರಾಂಟೊದ ಒಡೆಯ ಆಲ್ಫಾನ್ಸೊನ ಸೇವಕನಾಗಿದ್ದವನು, ಅವನಿಗೆ ವಿಷವಿಕ್ಕಿ, ತಾನೇ ಉತ್ತರಾಧಿಕಾರಿಯೆಂದು ಸುಳ್ಳು ಮರಣಶಾಸನವನ್ನು ಹುಟ್ಟಿಸಿದನು. ಅರ್ಥಾತ್ ಮೂರು ತಲೆಮಾರಿನ ಭುಕ್ತಿಗೆ ಆಧಾರ ಒಂದು ಖೋಟಾ ಪತ್ರ. ತಾಮ್ರಪಟಗಳನ್ನು ಪರಿಶೀಲಿಸುವ ನಮ್ಮ ವಿದ್ಯಾರ್ಥಿಗಳಿಗೆ ‘ಕೂಟಶಾಸನ’ವೆಂಬ ಪದ ಪರಿಚಿತ, ಒಟ್ರಾಂಟೊದ ಒಡೆತನವೇ ಒಂದು ಕೂಟಶಾಸನ. ಇಂಥ ಕಥೆಯನ್ನು ಹೇಳುವ ಗ್ರಂಥವೂ ಕೃತ್ರಿಮ ಮುನ್ನುಡಿಯೊಡನೆ, ಕಲ್ಪಿತ ಹಸ್ತಾಕ್ಷರದೊಡನೆ ಹೊರಬಂತೆಂಬುದು ಕುತೂಹಲಕರ.

ಲಿಖಿತವೇ ಕೂಟವಾದಲ್ಲಿ ನಿಜವನ್ನು ಸ್ಥಾಪಿಸುವುದು ಹೇಗೆ? ವಾಲ್‌ಪೋಲನ ಉತ್ತರ ದಿವ್ಯ. ಪ್ರತಿಮೆಯ ಮೂಗಿನಿಂದ ರಕ್ತ ಸುರಿಯುತ್ತದೆ, ಅಜ್ಜನ ಚಿತ್ರ ಚೌಕಟ್ಟಿನಿಂದ ಇಳಿದು ನಡೆಯುತ್ತದೆ, ಆಲ್ಫಾನ್ಸೊನ ಬೃಹದ್ರೂಪ ಕೋಟೆಯನ್ನೇ ಮೀರಿ ನಿಲ್ಲುತ್ತದೆ. ಥಿಯೊಡೋರನ ಹಕ್ಕು ಆಲ್ಫಾನ್ಸೊನ ಗುಪ್ತವಿವಾಹದಿಂದ ಬಂದದ್ದು; ಅದನ್ನು ದೃಢಪಡಿಸುವ ಪತ್ರವೂ ತನ್ನಲ್ಲಿದೆಯೆಂದು ಪಾದ್ರಿ ಜೆರೋಮ್ ಹೇಳುತ್ತಾನೆ. ಅದು ಬೇಡವೆನ್ನುವವನು ಮ್ಯಾನ್‌ಫ್ರೆಡನೇ. ಕಣ್ಣಾರೆ ಕಂಡ ಭೀಕರದೃಶ್ಯಗಳು ಯಾವ ಚರ್ಮಪತ್ರಗಳಿಗಿಂತಲೂ ಬಲವಾದ ರುಜುವಾತೆಂದು ಅವನು ಒಪ್ಪುತ್ತಾನೆ. ಇದೇ ಕೃತಿಯ ನಿರ್ಣಾಯಕ ಸ್ಥಳವೆಂದು ನಾವು ಭಾವಿಸುತ್ತೇವೆ. ಹನ್ನೊಂದು ವರ್ಷಗಳ ಹಿಂದೆಯಷ್ಟೇ, ೧೭೫೩ರ ಹಾರ್ಡ್‌ವಿಕ್ ಶಾಸನ ಇಂಗ್ಲೆಂಡಿನಲ್ಲಿ ಗುಪ್ತವಿವಾಹಗಳನ್ನು ಅಸಿಂಧುಗೊಳಿಸಿ, ಚರ್ಚಿನ ದಾಖಲೆ ಪುಸ್ತಕದಲ್ಲಿ ವಿವಾಹದ ನೋಂದಣಿಯನ್ನು ಕಡ್ಡಾಯ ಮಾಡಿತ್ತು. ಕಾನೂನು ಲಿಖಿತವನ್ನು ಬಲಪಡಿಸುತ್ತಿದ್ದಾಗಲೇ ಕಥೆ ಲಿಖಿತವನ್ನು ಬದಿಗಿಟ್ಟಿತು.

ವಾಲ್‌ಪೋಲನ ಇತರ ವ್ಯವಸಾಯಗಳೂ ಇದೇ ಕಡೆಗೆ ಬೆರಳು ತೋರುತ್ತವೆ. ೧೭೪೯ರಲ್ಲಿ ಕೊಂಡ ಸ್ಟ್ರಾಬೆರಿ ಹಿಲ್ ಎಂಬ ತನ್ನ ಮನೆಯನ್ನು ಅವನು ಗಾಥಿಕ್ ಶೈಲಿಯಲ್ಲಿ ಮಾರ್ಪಡಿಸಿದನು. ಅದರ ದೊಡ್ಡ ಮೊಗಸಾಲೆಯ ಚಾವಣಿ ವೆಸ್ಟ್‌ಮಿನ್‌ಸ್ಟರಿನ ಏಳನೆಯ ಹೆನ್ರಿಯ ಪ್ರಾರ್ಥನಾಮಂದಿರದ ಅನುಕರಣ. ಆದರೆ ಕಲ್ಲಿಗೆ ಬದಲಾಗಿ ಕಾಗದದ ಮುದ್ದೆಯಿಂದ ಮಾಡಿದ್ದು. ೧೭೬೮ರಲ್ಲಿ ಅವನು ಮೂರನೆಯ ರಿಚರ್ಡನ ಮೇಲಿನ ಆರೋಪಗಳ ಆಧಾರಗಳನ್ನು ಪ್ರಶ್ನಿಸಿ ‘ಹಿಸ್ಟಾರಿಕ್ ಡೌಟ್ಸ್’ ಎಂಬ ಗ್ರಂಥವನ್ನು ಬರೆದನು. ಮರುವರ್ಷ ಥಾಮಸ್ ಚಾಟರ್ಟನ್ ಎಂಬ ಬಾಲಕವಿ ಕಳುಹಿಸಿದ ಕೃತ್ರಿಮ ಪ್ರಾಚೀನ ಬರೆಹವನ್ನು ಮೊದಲು ನಿಜವೆಂದೇ ನಂಬಿ, ಮಿತ್ರರು ಎಚ್ಚರಿಸಿದ ಮೇಲೆ ತಿರಸ್ಕರಿಸಿದನು. ಪ್ರಾಚೀನತೆಯನ್ನು ಸೃಷ್ಟಿಸುವುದೂ ಶಂಕಿಸುವುದೂ ಒಬ್ಬನ ಬುದ್ಧಿಯಲ್ಲಿಯೇ ನಡೆದಿದ್ದುವು. ಹಳೆಯ ಪತ್ರಗಳ ಮೇಲಿನ ಮೋಹವೂ ಅವಿಶ್ವಾಸವೂ ಒಟ್ಟಿಗೆ ಬೆಳೆಯುತ್ತಿದ್ದ ಯುಗದಲ್ಲಿ ಗಾಥಿಕ್ ಕಥೆ ಹುಟ್ಟಿತೆಂಬುದನ್ನು ಮರೆಯಲಾಗದು.

೪

ಕ್ಲಾರ ರೀವ್ ಎಂಬ ಲೇಖಕಿ ೧೭೭೭ರಲ್ಲಿ ‘ದಿ ಚಾಂಪಿಯನ್ ಆಫ್ ವರ್ಚ್ಯು’ ಎಂಬ ಕಥೆಯನ್ನು ಪ್ರಕಟಿಸಿದಳು. ಮರುವರ್ಷ ಅದು ‘ದಿ ಓಲ್ಡ್ ಇಂಗ್ಲಿಷ್ ಬ್ಯಾರನ್’ ಎಂಬ ಹೆಸರನ್ನು ತಾಳಿತು. ಒಟ್ರಾಂಟೊದ ಯೋಜನೆಯನ್ನು ಅವಳು ಮೆಚ್ಚಿಕೊಂಡರೂ, ಅಲ್ಲಿಯ ಅದ್ಭುತ ಮಿತಿಮೀರಿದುದರಿಂದ ನಗೆ ಬರುತ್ತದೆಂದು ಆಕ್ಷೇಪಿಸಿದಳು. ಅವಳ ಕಥೆಯಲ್ಲಿಯೂ ಹಳೆಯ ಹಸ್ತಪ್ರತಿಯ ಸೋಗು ಇದೆ. ತೇವದಿಂದ ಅಕ್ಷರಗಳು ಅಳಿಸಿಹೋದ ಸ್ಥಳಗಳ ಪ್ರಸ್ತಾಪವೂ ಇದೆ. ರೈತನ ಮಗನೆಂದು ಬೆಳೆದ ಎಡ್ಮಂಡ್, ಬಂಧುವಿನಿಂದ ಕೊಲೆಯಾದ ಲಾರ್ಡ್ ಲವೆಲನ ಪುತ್ರನೆಂದು ತಿಳಿದುಬರುತ್ತದೆ.

ಇಲ್ಲಿ ಪ್ರೇತದ ಕೆಲಸ ಸೂಚನೆ ಕೊಡುವುದಷ್ಟೇ. ಹಕ್ಕನ್ನು ಸ್ಥಾಪಿಸುವುದು ಸಾಕುತಾಯಿಯ ಹೇಳಿಕೆ, ಅವಳು ಕಾಪಾಡಿಟ್ಟಿದ್ದ ಆಭರಣಗಳು, ನೆಲದಡಿ ದೊರೆತ ಅಸ್ಥಿ, ಅಪರಾಧಿಯ ಒಪ್ಪಿಗೆ. ದಿವ್ಯದ ಸ್ಥಾನಕ್ಕೆ ಸಾಕ್ಷಿ ಬಂತು. ದ್ವಂದ್ವಯುದ್ಧವೊಂದು ಮಾತ್ರ ಹಳೆಯ ದಿವ್ಯದ ಅವಶೇಷವಾಗಿ ಉಳಿಯಿತು. ಎಡ್ಮಂಡನ ಹಕ್ಕು ಸಿದ್ಧವಾದ ಮೇಲೂ ಕಥೆ ಮುಗಿಯುವುದಿಲ್ಲ. ಆಸ್ತಿಯ ಕ್ರಯ, ಕಳೆದ ವರ್ಷಗಳ ಉತ್ಪತ್ತಿಯ ಹಿಂಬಾಕಿ ಇವುಗಳ ಲೆಕ್ಕ ಮಧ್ಯಸ್ಥರ ಮುಂದೆ ತೀರ್ಮಾನವಾಗುತ್ತದೆ. ಆಧುನಿಕ ಓದುಗರಿಗೆ ನೀರಸವೆನಿಸುವ ಈ ಪುಟಗಳು ಇತಿಹಾಸಕಾರನಿಗೆ ಬೆಲೆಯುಳ್ಳವು. ಭೂಮಾಲಿಕ ಸಮಾಜಕ್ಕೆ ನ್ಯಾಯವೆಂದರೆ ಏನಾಗಿತ್ತೆಂಬುದನ್ನು ಅವು ಮುಚ್ಚುಮರೆಯಿಲ್ಲದೆ ಹೇಳುತ್ತವೆ.

ಸೋಫಿಯ ಲೀಯ ‘ದಿ ರಿಸೆಸ್’, ೧೭೮೩–೮೫, ಮತ್ತೊಂದು ಹೆಜ್ಜೆಯನ್ನಿಟ್ಟಿತು. ಸ್ಕಾಟ್ಲೆಂಡಿನ ರಾಣಿ ಮೇರಿಗೆ ಗುಪ್ತವಾಗಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು, ಪಾಳುಮಠದಡಿಯ ನೆಲಮನೆಯಲ್ಲಿ ಬೆಳೆದವರು, ತಮ್ಮ ಕಥೆಯನ್ನು ತಾವೇ ಬರೆದಿಡುತ್ತಾರೆ. ಇತಿಹಾಸದಲ್ಲಿ ಅಂಥ ಪುತ್ರಿಯರಿರಲಿಲ್ಲ. ಆದರೆ ರಾಜ್ಯದ ಇತಿಹಾಸದಲ್ಲಿ ಸ್ಥಾನವಿಲ್ಲದ ಸ್ತ್ರೀಯರು ನೆಲದಡಿ ಇದ್ದಾರೆಂಬ ಕಲ್ಪನೆ ಮುಂದಿನ ಲೇಖಕಿಯರಿಗೆ ದಾರಿ ತೋರಿತು.

೫

ಈ ಪರಂಪರೆಯ ಶ್ರೇಷ್ಠ ಪ್ರತಿನಿಧಿ ಆನ್ ರಾಡ್‌ಕ್ಲಿಫ್. ೧೭೯೪ರ ‘ದಿ ಮಿಸ್ಟರೀಸ್ ಆಫ್ ಯುಡಾಲ್ಫೊ’ ಕಾದಂಬರಿಗೆ ಪ್ರಕಾಶಕರು ಕೊಟ್ಟ ಸಂಭಾವನೆ ೫೦೦ ಪೌಂಡು. ೧೭೯೭ರ ‘ದಿ ಇಟಾಲಿಯನ್’ ಗ್ರಂಥಕ್ಕೆ ೮೦೦ ಪೌಂಡು. ಕಾದಂಬರಿಗೆ ಆ ಕಾಲದಲ್ಲಿ ಇದು ಅಸಾಧಾರಣ ಮೊತ್ತ. ಅವಳ ವಿಧಾನವನ್ನು ವಿಮರ್ಶಕರು ‘ವಿವರಿಸಲ್ಪಟ್ಟ ಅತಿಮಾನುಷ’ವೆನ್ನುತ್ತಾರೆ: ಮೊದಲು ದೈವಿಕವೆಂದು ತೋರಿದ ಪ್ರತಿಯೊಂದಕ್ಕೂ ಕೊನೆಗೆ ಲೌಕಿಕ ಕಾರಣ ದೊರೆಯುತ್ತದೆ.

ಯುಡಾಲ್ಫೊ ಕಥೆ ನಡೆಯುವುದು ೧೫೮೪ರ ಸುಮಾರಿನಲ್ಲಿ, ಫ್ರಾನ್ಸ್ ಮತ್ತು ಇಟಲಿಗಳಲ್ಲಿ. ಅನಾಥೆ ಎಮಿಲಿಯ ಸೋದರತ್ತೆ ಮಾಂಟೋನಿ ಎಂಬವನನ್ನು ಮದುವೆಯಾಗುತ್ತಾಳೆ. ಅತ್ತೆ ಸೊಸೆಯರಿಬ್ಬರನ್ನೂ ಅವನು ಅಪೆನೈನ್ ಪರ್ವತದ ಕೋಟೆಗೆ ಕೊಂಡೊಯ್ಯುತ್ತಾನೆ. ಪತ್ನಿಯ ಹೆಸರಿನಲ್ಲಿರುವ ಜಮೀನುಗಳನ್ನು ತನಗೆ ಬರೆದುಕೊಡಬೇಕೆಂಬುದು ಅವನ ಹಟ. ಆಕೆ ರುಜು ಹಾಕಲು ಒಪ್ಪದೆ ಗೋಪುರದ ಸೆರೆಯ ಬಳಲಿಕೆಯಿಂದ ಸಾಯುತ್ತಾಳೆ. ಆ ಆಸ್ತಿ ಎಮಿಲಿಗೆ ಬಂದೊಡನೆ ಬಲಾತ್ಕಾರ ಅವಳ ಕಡೆಗೆ ತಿರುಗುತ್ತದೆ.

ಹದಿನಾರನೆಯ ಶತಮಾನದ ಇಟಲಿಗಿಂತ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಸನ್ನಿವೇಶದ ಮೂಲವನ್ನು ಹುಡುಕಬೇಕು. ಅಂದಿನ ಆಂಗ್ಲ ಕಾನೂನಿನಂತೆ ವಿವಾಹವಾದೊಡನೆ ಸ್ತ್ರೀಯ ಪ್ರತ್ಯೇಕ ವ್ಯಕ್ತಿತ್ವ ಗಂಡನಲ್ಲಿ ಅಡಗುತ್ತಿತ್ತು. ಅವಳ ಚರಾಸ್ತಿ ಅವನದಾಗುತ್ತಿತ್ತು; ಭೂಮಿಯ ಉತ್ಪತ್ತಿಯೂ ಅವನ ಕೈಗೆ ಹೋಗುತ್ತಿತ್ತು. ಆದರೆ ಅವಳ ಒಪ್ಪಿಗೆಯಿಲ್ಲದೆ ಆ ಭೂಮಿಯನ್ನು ಶಾಶ್ವತವಾಗಿ ಪರಭಾರೆ ಮಾಡುವಂತಿರಲಿಲ್ಲ. ವಿವಾಹಪೂರ್ವ ಒಪ್ಪಂದದಿಂದ ಕೆಲವು ಆಸ್ತಿಗಳನ್ನು ಅವಳಿಗೇ ಮೀಸಲಿಡಬಹುದಾಗಿತ್ತು. ಆದುದರಿಂದ ಅವಳ ರುಜು ಅವಳಿಗೆ ಉಳಿದ ಏಕಮಾತ್ರ ಶಕ್ತಿಯೂ, ಅವಳ ಅಪಾಯಕ್ಕೆ ಕಾರಣವೂ ಆಗಿತ್ತು. ಈ ಸ್ಥಿತಿ ೧೮೭೦ ಮತ್ತು ೧೮೮೨ರ ವಿವಾಹಿತ ಸ್ತ್ರೀಯರ ಆಸ್ತಿ ಶಾಸನಗಳಿಂದಷ್ಟೇ ಬದಲಾಯಿತು.

ಯುಡಾಲ್ಫೊದ ಒಂದು ಕೊಠಡಿಯಲ್ಲಿ ಕಪ್ಪು ಪರದೆಯ ಹಿಂದೆ ಎಮಿಲಿ ಕಂಡು ಮೂರ್ಛೆಹೋದ ವಸ್ತು ಯಾವುದೆಂದು ಓದುಗರು ಬಹುದೂರ ಕಾಯಬೇಕಾಗುತ್ತದೆ. ಅದು ಕೊಳೆತ ಶವದ ಆಕಾರದ ಮೇಣದ ಬೊಂಬೆಯೆಂದು ಕೊನೆಗೆ ತಿಳಿಯುತ್ತದೆ. ಈ ವಿವರಣೆ ರಸಭಂಗವೆಂದು ಅನೇಕರು ದೂರಿದ್ದಾರೆ. ನಮಗೆ ತೋರುವಂತೆ ಕೃತಿಯ ಅರ್ಥ ಇಲ್ಲಿಯೇ ಇದೆ. ಪರದೆಯ ಹಿಂದಿನ ಭೀತಿ ಮೇಣದ್ದು. ಮೇಜಿನ ಮೇಲೆ ರುಜುವಿಗಾಗಿ ಹರಡಿದ ಪತ್ರ ನಿಜವಾದದ್ದು. ಪ್ರೇತಗಳೆಲ್ಲ ಕರಗಿದ ಮೇಲೂ ಮಾಂಟೋನಿ ಕರಗುವುದಿಲ್ಲ.

೧೭೯೧ರ ‘ದಿ ರೊಮಾನ್ಸ್ ಆಫ್ ದಿ ಫಾರೆಸ್ಟ್’ ಗ್ರಂಥದಲ್ಲಿ ಹಸ್ತಪ್ರತಿಯ ಸಂಪ್ರದಾಯ ಪೂರ್ಣ ಪ್ರೌಢಿಮೆಯನ್ನು ಪಡೆಯುತ್ತದೆ. ಪಾಳುಮಠದ ಕೋಣೆಯಲ್ಲಿ ಅಡೆಲೈನ್ ತುಕ್ಕುಹಿಡಿದ ಕಠಾರಿಯನ್ನೂ ಮಾಸಿದ ಬರೆಹವೊಂದನ್ನೂ ಕಾಣುತ್ತಾಳೆ. ಹಿಂದೆ ಅಲ್ಲಿ ಸೆರೆಯಲ್ಲಿದ್ದವನೊಬ್ಬ ಬರೆದಿಟ್ಟ ಆ ಕಥೆಯನ್ನು ಅರಿಯದವನ ದುಃಖವೆಂದು ಓದಿ ಮರುಗುತ್ತಾಳೆ. ಅದು ತನ್ನ ತಂದೆಯದೆಂದೂ, ಕೊಲ್ಲಿಸಿದವನು ತಂದೆಯ ಸೋದರನೆಂದೂ ಆಮೇಲೆ ತಿಳಿಯುತ್ತದೆ. ಪ್ರಕರಣ ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ಮುಗಿಯುತ್ತದೆ. ವಾಲ್‌ಪೋಲನಲ್ಲಿ ಲಿಖಿತ ಕೂಟವಾಗಿತ್ತು. ರಾಡ್‌ಕ್ಲಿಫಳಲ್ಲಿ ಅದು ಮಾತು ಕಳೆದುಕೊಂಡವನ ಸಾಕ್ಷ್ಯವಾಯಿತು. ಅಡೆಲೈನ್ ಆ ಹರಿದ ಹಾಳೆಗಳನ್ನು ದೀಪದ ಬೆಳಕಿನಲ್ಲಿ ಓದುವ ರೀತಿ ಯಾವ ಪತ್ರಾಗಾರದ ಸಂಶೋಧಕನಿಗೂ ಅಪರಿಚಿತವಲ್ಲ.

೬

ಇಷ್ಟರಲ್ಲಿ ಯೂರೋಪಿನ ಸ್ಥಿತಿ ಬದಲಾಗಿತ್ತು. ೧೭೮೯ರ ಜುಲೈ ೧೪ರಂದು ಪ್ಯಾರಿಸ್ಸಿನ ಜನ ಬಾಸ್ಟಿಲ್ ಕೋಟೆಯನ್ನು ವಶಪಡಿಸಿಕೊಂಡರು; ಅಲ್ಲಿದ್ದ ಸೆರೆಯಾಳುಗಳು ಏಳೇ ಜನ. ಮರುವರ್ಷ ಫ್ರಾನ್ಸಿನಲ್ಲಿ ಮಠಗಳು ರದ್ದಾದುವು. ಕೋಟೆ, ಮಠ, ಸೆರೆಮನೆಗಳು ದಿನದ ವರ್ತಮಾನದ ವಸ್ತುಗಳಾದುವು. ಗಾಥಿಕ್ ಕಾದಂಬರಿಗಳ ಅತ್ಯಂತ ಸಮೃದ್ಧ ದಶಕ ಇದೇ ಆದುದು ಆಕಸ್ಮಿಕವೆನ್ನಲಾಗದು. ಅಂದಿನ ಕಾದಂಬರಿಯ ಘೋರತೆಗೂ ಕ್ರಾಂತಿಯ ಆಘಾತಕ್ಕೂ ಸಂಬಂಧವಿದೆಯೆಂದು ೧೮೦೦ರಲ್ಲಿಯೇ ಫ್ರೆಂಚ್ ಲೇಖಕ ಸಾದ್ ಬರೆದನು.

ಮ್ಯಾಥ್ಯೂ ಲೂಯಿಸ್ ೧೭೯೬ರಲ್ಲಿ ಪ್ರಕಟಿಸಿದ ‘ದಿ ಮಾಂಕ್’ ಈ ಕಾಲದ ಉಗ್ರಕೃತಿ. ಮ್ಯಾಡ್ರಿಡ್ ನಗರದ ಪೂಜ್ಯ ಸನ್ಯಾಸಿ ಅಂಬ್ರೋಸಿಯೊ ಮೋಹಕ್ಕೆ ಸಿಕ್ಕಿ ಪಾಪದಿಂದ ಪಾಪಕ್ಕೆ ಇಳಿಯುತ್ತಾನೆ. ಅವನ ಕೈಯಲ್ಲಿ ಸತ್ತ ಇಬ್ಬರು ಸ್ತ್ರೀಯರು ಅವನ ತಾಯಿ ಮತ್ತು ತಂಗಿಯೆಂಬುದು ಕೊನೆಗೆ ತಿಳಿಯುತ್ತದೆ. ರೊಚ್ಚಿಗೆದ್ದ ಜನ ಕನ್ಯಾಮಠವನ್ನು ಸುಡುವ ದೃಶ್ಯದಲ್ಲಿ ಪ್ಯಾರಿಸ್ಸಿನ ಛಾಯೆಯಿದೆ. ಪಾರ್ಲಿಮೆಂಟಿನ ಸದಸ್ಯನೊಬ್ಬ ಇಂಥದನ್ನು ಬರೆದನೆಂಬ ಗದ್ದಲವೆದ್ದು, ೧೭೯೮ರ ನಾಲ್ಕನೆಯ ಮುದ್ರಣದಲ್ಲಿ ಲೂಯಿಸ್ ಹಲವು ಭಾಗಗಳನ್ನು ತೆಗೆದುಹಾಕಬೇಕಾಯಿತು.

ಇಲ್ಲಿಯೂ ಒಂದು ಲಿಖಿತವಿದೆ: ತನ್ನ ಆತ್ಮವನ್ನು ಸೈತಾನನಿಗೆ ಒಪ್ಪಿಸುವ ಪತ್ರಕ್ಕೆ ಅಂಬ್ರೋಸಿಯೊ ಸ್ವಂತ ರಕ್ತದಲ್ಲಿ ಅದ್ದಿದ ಲೇಖನಿಯಿಂದ ರುಜು ಹಾಕುತ್ತಾನೆ. ಕ್ಷಮಾದಾನವನ್ನು ತಿಳಿಸಲು ಕಾವಲುಗಾರರು ಬಾಗಿಲಿಗೆ ಬಂದಿದ್ದರೆಂದು ಸೈತಾನ ಆಮೇಲೆ ಅವನಿಗೆ ಹೇಳುತ್ತಾನೆ. ಹಿಂದಿನ ಕೃತಿಗಳಲ್ಲಿ ರಕ್ತಸಂಬಂಧದ ಪ್ರಕಟಣೆ ಹಕ್ಕನ್ನು ತಂದುಕೊಟ್ಟರೆ, ಇಲ್ಲಿ ಅದು ವಿನಾಶವನ್ನು ಪೂರ್ಣಗೊಳಿಸುತ್ತದೆ. ಸಂಪ್ರದಾಯ ತಿರುಗುಮುರುಗಾಯಿತು.

೭

ಸಂಪ್ರದಾಯ ಸಿದ್ಧವಾದ ಮೇಲೆ ಹಾಸ್ಯ ಬರುವುದು ಸಹಜ. ಜೇನ್ ಆಸ್ಟನ್ ೧೭೯೮–೯೯ರಲ್ಲಿ ಬರೆದು, ಅವಳ ಮರಣಾನಂತರ ೧೮೧೭ರ ಕೊನೆಯಲ್ಲಿ ಪ್ರಕಟವಾದ ‘ನಾರ್ದ್ಯಾಂಗರ್ ಆಬಿ’ ಕಾದಂಬರಿಯ ನಾಯಕಿ ಕ್ಯಾಥರೀನ್, ಯುಡಾಲ್ಫೊ ಓದಿ ತಲೆತುಂಬಿಕೊಂಡವಳು. ಹಿಂದೆ ಮಠವಾಗಿದ್ದ ಮನೆಯೊಂದರಲ್ಲಿ ಅತಿಥಿಯಾಗಿ ತಂಗಿದಾಗ, ಬಿರುಗಾಳಿಯ ರಾತ್ರಿ ಕಪಾಟಿನಲ್ಲಿ ಸುರುಳಿಯೊಂದು ಅವಳಿಗೆ ಸಿಗುತ್ತದೆ. ಬೆಳಗಾಗಿ ನೋಡಿದರೆ ಅದು ಬಟ್ಟೆ ಒಗೆಸಿದ ಲೆಕ್ಕದ ಚೀಟಿ! ಆಸ್ಟನ್ ಗುರಿಯಿಟ್ಟದ್ದು ಹಸ್ತಪ್ರತಿಗೆ. ಗಾಥಿಕ್ ಕಥೆಯ ಮರ್ಮ ಎಲ್ಲಿದೆಯೆಂದು ಅವಳು ಬಲ್ಲಳು. ಆದರೆ ಮನೆಯ ಯಜಮಾನ ಜನರಲ್ ಟಿಲ್ನಿ, ಹುಡುಗಿ ಶ್ರೀಮಂತಳಲ್ಲವೆಂದು ತಿಳಿದೊಡನೆ ಅವಳನ್ನು ಮನೆಯಿಂದ ಹೊರಡಿಸುತ್ತಾನೆ. ಕೊಲೆಯಿಲ್ಲ, ಪ್ರೇತವಿಲ್ಲ, ಆಸ್ತಿಯ ಲೆಕ್ಕ ಮಾತ್ರ ಉಳಿದಿದೆ.

ಒಟ್ಟಿನಲ್ಲಿ ದಿವ್ಯದಿಂದ ಸಾಕ್ಷಿಗೆ, ಸಾಕ್ಷಿಯಿಂದ ಲಿಖಿತಕ್ಕೆ, ಕೊನೆಗೆ ಲಿಖಿತದ ಅಪಹಾಸ್ಯಕ್ಕೆ ಈ ಪರಂಪರೆ ಸಾಗಿತು. ಪ್ರಮಾಣ ಬದಲಾದರೂ ತೀರ್ಪು ಬದಲಾಗಲಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ರೈತನೆಂದು ಕಂಡ ಥಿಯೊಡೋರ್ ರಾಜವಂಶದವನು. ರೈತನ ಮನೆಯಲ್ಲಿ ಬೆಳೆದ ಎಡ್ಮಂಡ್ ಪ್ರಭುವಿನ ಮಗ. ಗತಿಯಿಲ್ಲದ ಅಡೆಲೈನ್ ಶ್ರೀಮಂತರ ವಾರಸುದಾರಳು. ನಿಜವಾದ ರೈತನಿಗೆ ಯಾವ ಕೋಟೆಯೂ ದಕ್ಕುವುದಿಲ್ಲ. ಭುಕ್ತಿ ಹಕ್ಕಾಗದೆಂದು ಈ ಕಥೆಗಳು ಧೈರ್ಯವಾಗಿ ಹೇಳಿದುವು. ಹುಟ್ಟು ಹಕ್ಕಾಗುವುದೇಕೆಂದು ಕೇಳಲಿಲ್ಲ.

ಅದೇ ದಶಕಗಳಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಸಾವಿರಾರು ಬೇಲಿ ಶಾಸನಗಳನ್ನು ಅಂಗೀಕರಿಸುತ್ತಿತ್ತು. ಊರಿನ ಸಾಮಾನ್ಯ ಭೂಮಿಯಲ್ಲಿ ತಲೆಮಾರುಗಳಿಂದ ದನ ಮೇಯಿಸಿ, ಸೌದೆ ಆಯ್ದು ಬದುಕಿದ ಬಡವರಲ್ಲಿ ಅನೇಕರಿಗೆ ಅನುಭೋಗವಿತ್ತು. ಕಾನೂನು ಒಪ್ಪುವ ಹಕ್ಕಿನ ಆಧಾರವಿರಲಿಲ್ಲ. ಬೇಲಿ ಬಿದ್ದಾಗ ಅವರಿಗೆ ಪರಿಹಾರವೂ ದೊರೆಯಲಿಲ್ಲ. ಪರಭಾರೆಯಾದ ಕೋಟೆಗಾಗಿ ಕಣ್ಣೀರಿಟ್ಟ ಓದುಗರ ಕಾದಂಬರಿಗಳಲ್ಲಿ ಈ ಜನರಿಗೆ ಪ್ರೇತದ ಸ್ಥಾನವೂ ಸಿಗಲಿಲ್ಲ.

ಮಧ್ಯಯುಗದ ಇಟಲಿಯನ್ನು ತಿಳಿಯಲು ಒಟ್ರಾಂಟೊ ಓದುವವನು ಮೋಸಹೋಗುತ್ತಾನೆ. ಹದಿನೆಂಟನೆಯ ಶತಮಾನದ ಆಸ್ತಿವಂತ ಇಂಗ್ಲೆಂಡು ತನ್ನ ಒಡೆತನದ ಬಗ್ಗೆ ಯಾವ ಅಳುಕನ್ನು ಹೊಂದಿತ್ತು, ಯಾವುದನ್ನು ಪ್ರಮಾಣವೆಂದು ಒಪ್ಪುತ್ತಿತ್ತು, ಯಾರ ಸಾಕ್ಷ್ಯವನ್ನು ಕೇಳದೆ ಬಿಟ್ಟಿತು ಎಂಬುದಕ್ಕೆ ಈ ಕಾದಂಬರಿಗಳು ಒಳ್ಳೆಯ ಆಧಾರ. ಕಾಲೇಜಿನ ತರಗತಿಗಳಲ್ಲಿ ಇವುಗಳನ್ನು ಬ್ಲ್ಯಾಕ್‌ಸ್ಟನ್ನನ ಗ್ರಂಥದೊಡನೆಯೂ ಬೇಲಿ ಶಾಸನಗಳೊಡನೆಯೂ ಇಟ್ಟು ಓದಿಸುವುದು ಉಚಿತವೆಂದು ನಮ್ಮ ಸೂಚನೆ.